ಅರ್ಜಿ ಹಾಕಿದ ಮಾತ್ರಕ್ಕೆ ಖಡಕ್‌ವಾಸ್ಲಾ ಸೇರಿದಂತಲ್ಲ

ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದು ಇಷ್ಟೇ: ಹನ್ನೆರಡನೇ ತರಗತಿಯ ಮಗನೋ ಮಗಳೋ ‘ಎನ್‌ಡಿಎ ಬರೆಯುತ್ತೇನೆ’, ಅಂದರೆ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆಯುತ್ತೇನೆ, ಎಂದರೆ ಬೇಡ ಎನ್ನುವ ಮೊದಲು ಯುಪಿಎಸ್‌ಸಿ ಅಧಿಸೂಚನೆಯನ್ನು ಮಗುವಿನ ಜೊತೆ ಕೂತು ಓದಿ, ಅರ್ಜಿ ಹಾಕಲು ಬಿಡಿ, ಸೇರುವ ಮಾತನ್ನು ಸೇರುವ ಹೊತ್ತಿಗೆ ಆಡಿ. ಇಷ್ಟಕ್ಕೆ ದ್ವಾರಕಾದಿಂದ, ಮಯೂರ ವಿಹಾರದಿಂದ, ನೋಯ್ಡಾ, ಗುರುಗ್ರಾಮಗಳಿಂದ ಬಂದ ಪತ್ರಗಳನ್ನು ಓದಿದರೆ ನಾನು ಏಕಕಾಲಕ್ಕೆ ಎರಡು ಅಪರಾಧ ಮಾಡಿದ್ದೇನೆ. ಒಂದು ಗುಂಪಿನ ಪ್ರಕಾರ ಊರವರ ಮಕ್ಕಳನ್ನು ಗಡಿಗೆ ಅಟ್ಟುತ್ತಿದ್ದೇನೆ. ಇನ್ನೊಂದು ಗುಂಪಿನ ಪ್ರಕಾರ ‘ಓದಿ, ಯೋಚಿಸಿ’ ಎಂದು ಹೇಳಿ ದೇಶಪ್ರೇಮಕ್ಕೆ ತಣ್ಣೀರು ಎರಚುತ್ತಿದ್ದೇನೆ. ನಾನು ಸೇನೆಯವಳಲ್ಲ. ದೆಹಲಿಯ ಶಾಲೆಗಳಲ್ಲಿ ಹನ್ನೊಂದು, ಹನ್ನೆರಡಕ್ಕೆ ಗಣಿತ ಹೇಳಿಕೊಟ್ಟವಳು. ಈ ಅರ್ಜಿಯ ವಿಷಯದಲ್ಲಿ ಮಕ್ಕಳು ಮನೆಯಲ್ಲಿ ಹೇಳದ್ದನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳುವುದನ್ನು ಕೇಳಿಸಿಕೊಂಡವಳು. ಆ ಅಧಿಕಾರದಿಂದಲೇ ಉತ್ತರಿಸುತ್ತೇನೆ.

ಹೆಚ್ಚು ಜನ ಎತ್ತಿದ ಪ್ರಶ್ನೆ ವಯಸ್ಸಿನದು. ‘ಹದಿನಾರೂವರೆ, ಹದಿನೇಳರ ಮಗುವಿಗೆ ಇಡೀ ಬದುಕಿನ ನಿರ್ಧಾರ ಮಾಡುವ ಬುದ್ಧಿ ಎಲ್ಲಿರುತ್ತದೆ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದನ್ನು ಕೇಳಿದ ಮನೆಗಳಲ್ಲಿ ಎಷ್ಟೋ ಮಕ್ಕಳನ್ನು ಒಂಬತ್ತನೇ ತರಗತಿಯಲ್ಲೇ ಕಾಲೂ ಸರಾಯ್‌ನ ಜೆಇಇ ಕೋಚಿಂಗಿಗೆ ಸೇರಿಸಿದ್ದಾರೆ. ಹದಿನಾಲ್ಕರ ಹುಡುಗನಿಗೆ ಆಗ ಬುದ್ಧಿ ಇತ್ತೇ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ನಿರ್ಧಾರ ಅವನದಾಗಿರಲಿಲ್ಲ. ವಯಸ್ಸು ಚಿಕ್ಕದೆಂಬ ಚಿಂತೆ ನಮಗೆ ಹುಟ್ಟುವುದು ಮಗು ನಾವು ಆರಿಸದ ದಾರಿಯನ್ನು ತೋರಿಸಿದಾಗ ಮಾತ್ರ.

ಅದಿರಲಿ. ಅರ್ಜಿಯೇ ನಿರ್ಧಾರ ಎಂದುಕೊಂಡಿರುವುದರಿಂದ ಈ ಗಾಬರಿ. ಕ್ರಮ ಹೇಗಿದೆ ನೋಡಿ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ಏಪ್ರಿಲ್ ಪರೀಕ್ಷೆಗೆ ಡಿಸೆಂಬರ್‌ನಲ್ಲಿ ಅರ್ಜಿ. ಬರಹದ ಪರೀಕ್ಷೆಗೆ 900 ಅಂಕ. ಅದರಲ್ಲಿ ಗೆದ್ದವರಿಗೆ ಐದು ದಿನದ ಎಸ್‌ಎಸ್‌ಬಿ ಸಂದರ್ಶನ, ಅದಕ್ಕೂ 900 ಅಂಕ. ಆಮೇಲೆ ವೈದ್ಯಕೀಯ ತಪಾಸಣೆ, ಆಮೇಲೆ ಮೆರಿಟ್ ಪಟ್ಟಿ. ಏಪ್ರಿಲ್‌ನಲ್ಲಿ ಬರೆದವನು ಅಕಾಡೆಮಿಯ ಗೇಟು ದಾಟುವುದು ಮುಂದಿನ ಜನವರಿಯ ಸುಮಾರಿಗೆ. ಅರ್ಜಿಗೂ ಗೇಟಿಗೂ ನಡುವೆ ಸುಮಾರು ಒಂದು ವರ್ಷ. ಆ ವರ್ಷದ ಪ್ರತಿ ಮೆಟ್ಟಿಲಲ್ಲೂ ‘ನನಗೆ ಇದು ಬೇಡ’ ಎನ್ನುವ ಸ್ವಾತಂತ್ರ್ಯ ಮಗುವಿಗಿದೆ, ಯಾರೂ ದಂಡ ಹಾಕುವುದಿಲ್ಲ. ಅರ್ಜಿ ಶುಲ್ಕ ನೂರು ರೂಪಾಯಿ. ಹುಡುಗಿಯರಿಗೆ ಅದೂ ಇಲ್ಲ.

ದಂಡ ಶುರುವಾಗುವುದು ಸೇರಿದ ಮೇಲೆ. ಮಗು ತರಬೇತಿಯ ನಡುವೆ ತಾನಾಗಿ ಬಿಟ್ಟುಬಂದರೆ ಸರ್ಕಾರ ಖರ್ಚು ಮಾಡಿದ ಹಣ ವಾಪಸು ಕೊಡಬೇಕೆಂದು ತಂದೆತಾಯಿ ಬರೆದುಕೊಡಬೇಕು. ಅದು ನಿಜವಾದ ಮುಚ್ಚಳಿಕೆ. ಇಡೀ ಮನೆ ಕೂತು, ಬೇಕಿದ್ದರೆ ಊರಿಂದ ಸೋದರಮಾವನನ್ನೂ ಕರೆಸಿ, ರಾತ್ರಿಯೆಲ್ಲ ಮಾತಾಡಬೇಕಾದದ್ದು ಆ ಕಾಗದಕ್ಕೆ ಸಹಿ ಹಾಕುವ ಮುನ್ನ. ಹೊತ್ತಿಗೆ ಮುಂಚೆಯೇ, ಡಿಸೆಂಬರ್‌ನಲ್ಲೇ, ‘ಬೇಡ’ ಎಂದುಬಿಟ್ಟರೆ ಮಗು ಯೋಚಿಸಲು ಕಲಿಯುವ ಅವಕಾಶವೇ ಹೋಯಿತು.

ಈ ಮಾತಿಗೆ ಒಂದು ಅಪವಾದವಿದೆ, ಅದನ್ನು ನನ್ನ ವಿರೋಧಿಗಳು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ವಾಯುಪಡೆಯ ಪೈಲಟ್ ಆಗಬೇಕೆನ್ನುವವರಿಗೆ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಪರೀಕ್ಷೆ ಇದೆ. ಅದು ಜೀವಮಾನದಲ್ಲಿ ಒಂದೇ ಸಲ. ಅದರಲ್ಲಿ ಸೋತವರಿಗೆ ಹಾರುವ ವಿಭಾಗದ ಬಾಗಿಲು ಮುಂದೆ ತೆರೆಯುವುದಿಲ್ಲ. ಹಾಗಾಗಿ ‘ಸುಮ್ಮನೆ ನೋಡೋಣ’ ಎಂಬ ಮನಸ್ಸಿನಿಂದ ಅರ್ಜಿಯಲ್ಲಿ ವಾಯುಪಡೆಗೆ ಮೊದಲ ಆದ್ಯತೆ ಬರೆಯಬಾರದು. ಉಳಿದಂತೆ, ವಯಸ್ಸು ಮೀರುವವರೆಗೆ ಎಷ್ಟು ಸಲವಾದರೂ ಬರೆಯಬಹುದು. ಪದವಿ ಮುಗಿಸಿದ ಮೇಲೂ ಸಿಡಿಎಸ್ ಪರೀಕ್ಷೆ ಇದೆ. ಈಗ ಬೇಡವೆನಿಸಿದ ಮಗು ಇಪ್ಪತ್ತೆರಡರಲ್ಲಿ ಬೇಕು ಎನ್ನಬಹುದು.

ಎರಡನೆಯದು ಓದಿನ ಆಕ್ಷೇಪ: ‘ಬೋರ್ಡ್ ಪರೀಕ್ಷೆ, ಜೆಇಇ ಮೇನ್, ಸಿಯುಇಟಿ ಎಲ್ಲ ಒಂದರ ಮೇಲೊಂದು. ಇದರ ನಡುವೆ ಎನ್‌ಡಿಎ ತಲೆಗೆ ತುಂಬಿದರೆ ಎಲ್ಲವೂ ಕೆಡುತ್ತದೆ.’ ಇದು ನನ್ನ ಅಂಗಳದ ಮಾತು. ಎನ್‌ಡಿಎ ಗಣಿತ ಪತ್ರಿಕೆ ಎರಡೂವರೆ ಗಂಟೆ, 120 ಪ್ರಶ್ನೆ, 300 ಅಂಕ. ತ್ರಿಕೋನಮಿತಿ, ಮ್ಯಾಟ್ರಿಕ್ಸ್, ಕಲನ, ಸಂಭವನೀಯತೆ: ಬಹುಪಾಲು ಹನ್ನೊಂದು, ಹನ್ನೆರಡರ ಪಾಠವೇ. ಜೆಇಇ ಓದುತ್ತಿರುವವನಿಗೆ ಇದು ಹೊಸ ಹೊರೆಯಲ್ಲ, ವೇಗದ ಅಭ್ಯಾಸ ಬೇಕು ಅಷ್ಟೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಳೆಯುತ್ತಾರೆಂಬುದನ್ನು ನೆನಪಿಟ್ಟುಕೊಂಡರೆ ಸಾಕು. ನಮ್ಮ ಮಕ್ಕಳು ಮುಗ್ಗರಿಸುವುದು 600 ಅಂಕದ ಇನ್ನೊಂದು ಪತ್ರಿಕೆಯಲ್ಲಿ: ಇಂಗ್ಲಿಷ್, ಇತಿಹಾಸ, ಭೂಗೋಳ, ವಿಜ್ಞಾನ, ಪ್ರಚಲಿತ ವಿದ್ಯಮಾನ. ವಿಜ್ಞಾನ ವಿಭಾಗದ ಹುಡುಗರು ಹತ್ತನೇ ತರಗತಿಯ ನಂತರ ಭೂಪಟ ನೋಡಿರುವುದಿಲ್ಲ. ದಿನಪತ್ರಿಕೆ ಓದಿಸಿದರೆ ಕೆಡುವಂಥ ಜೆಇಇ ಇದ್ದರೆ ಅದು ಮೊದಲೇ ಕೆಟ್ಟಿದೆ. ಭೂಸೇನೆಯ ತಾಂತ್ರಿಕ ಪ್ರವೇಶಕ್ಕೆ ಜೆಇಇ ಮೇನ್ ಬರೆದಿರಲೇಬೇಕು. ಎರಡು ದಾರಿಗಳು ನೀವು ತಿಳಿದಷ್ಟು ಬೇರೆಬೇರೆಯಲ್ಲ.

ಎನ್‌ಡಿಎಯಲ್ಲಿ ಸಿಗುವ ಪದವಿ ಬೆಲೆ ಇಲ್ಲದ್ದು ಎಂದು ಇಬ್ಬರು ಬರೆದಿದ್ದಾರೆ. ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಓದಿದ ಕೆಡೆಟ್‌ಗೆ ಪದವಿ ಕೊಡುವುದು ಜೆಎನ್‌ಯು. ನೌಕಾಪಡೆ, ವಾಯುಪಡೆಯ ಕೆಡೆಟ್‌ಗಳಿಗೆ ಬಿಟೆಕ್ ದಾರಿಯೂ ಇದೆ. ಊಟದ ಮೇಜಿನಲ್ಲಿ ಜೆಎನ್‌ಯುವನ್ನು ಬೈಯುವುದೂ ಸೇನೆಗೆ ಜೈಕಾರ ಹಾಕುವುದೂ ಒಂದೇ ಬಾಯಲ್ಲಿ ನಡೆಯುವ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಅವರಿಗೆ ಈ ಸುದ್ದಿ ಸ್ವಲ್ಪ ಕಷ್ಟವಾಗಬಹುದು.

‘ನಾಲ್ಕು ವರ್ಷಕ್ಕೆ ಮನೆಗೆ ಕಳಿಸುತ್ತಾರಲ್ಲ’ ಎಂದವರಿಗೂ ಚಿಕ್ಕ ಉತ್ತರ. ಅದು 2022ರ ಅಗ್ನಿಪಥ ಯೋಜನೆ, ಅಗ್ನಿವೀರರಾಗಿ ಸೇರುವ ಸೈನಿಕರದು. ಎನ್‌ಡಿಎ ಮೂಲಕ ಹೋಗುವವರು ಕಾಯಂ ಅಧಿಕಾರಿಗಳು. ಲೆಫ್ಟಿನೆಂಟ್‌ನ ಮೂಲ ವೇತನ 56,100 ರೂಪಾಯಿಯಿಂದ ಶುರು, ಜೊತೆಗೆ ಮಿಲಿಟರಿ ಸೇವಾ ವೇತನ 15,500. ಗುರುಗ್ರಾಮದ ಸೈಬರ್ ಸಿಟಿಯ ಸಂಬಳಕ್ಕೆ ಇದನ್ನು ಹೋಲಿಸಿ ಕೆಲವರು ನಕ್ಕಿದ್ದಾರೆ. ನಗಲಿ. ಹೋಲಿಸುವುದಾದರೆ ಪಿಂಚಣಿ, ಮನೆ, ಆಸ್ಪತ್ರೆ ಎಲ್ಲ ಸೇರಿಸಿ ಹೋಲಿಸಲಿ. ಕುಟುಂಬದಿಂದ ದೂರವಿರುವ ವರ್ಷಗಳನ್ನೂ ಪದೇಪದೇ ಶಾಲೆ ಬದಲಿಸುವ ಮಕ್ಕಳನ್ನೂ ಇನ್ನೊಂದು ತಟ್ಟೆಯಲ್ಲಿಡಲಿ.

ಇನ್ನು ಯಾರೂ ನೇರವಾಗಿ ಬರೆಯದ, ಆದರೆ ಎಲ್ಲ ಪತ್ರಗಳ ತಳದಲ್ಲೂ ಇದ್ದ ಮಾತು. ಒಬ್ಬ ತಾಯಿ ಮಾತ್ರ ಕೊನೆಯ ಸಾಲಿನಲ್ಲಿ ಬರೆದರು: ನನ್ನ ಮಗು ಸತ್ತರೆ?

ಇದಕ್ಕೆ ರೂಢಿಯ ಉತ್ತರ ನನಗೆ ಗೊತ್ತು. ರಿಂಗ್ ರೋಡಿನಲ್ಲೂ ಸಾಯುತ್ತಾರೆ, ಆಯುಸ್ಸು ಮುಗಿದರೆ ಮನೆಯಲ್ಲೂ ಸಾಯುತ್ತಾರೆ ಎಂಬುದು. ಆ ಉತ್ತರ ನಾನು ಕೊಡುವುದಿಲ್ಲ. ರಸ್ತೆಯಲ್ಲಿ ಸಾಯುವುದು ಯಾರ ಕೆಲಸದ ಕರಾರಿನಲ್ಲೂ ಬರೆದಿಲ್ಲ, ಇಲ್ಲಿ ಬರೆದಿದೆ. ನೋಯ್ಡಾದ ವಿಜಯಂತ್ ಥಾಪರ್ ಮಾರ್ಗದಲ್ಲಿ ದಿನಾ ಓಡಾಡುವವರು ಆ ಹೆಸರಿನ ಹುಡುಗನಿಗೆ ಎಷ್ಟು ವಯಸ್ಸಾಗಿತ್ತೆಂದು ಒಮ್ಮೆ ಯೋಚಿಸಬೇಕು. ಇಪ್ಪತ್ತೆರಡು. 1999ರ ಜೂನ್ 29ರಂದು ಕಾರ್ಗಿಲ್‌ನಲ್ಲಿ ಹೋದ. ಎಂಟು ದಿನದ ಮೇಲೆ, ಜುಲೈ 7ರಂದು, ಜನಕಪುರಿಯ ಅನುಜ್ ನಯ್ಯರ್. ಧೌಲಾ ಕುವಾಂ ಆರ್ಮಿ ಪಬ್ಲಿಕ್ ಸ್ಕೂಲಿನಲ್ಲಿ ಓದಿ, ಎನ್‌ಡಿಎಗೆ ಹೋಗಿ, ಇಪ್ಪತ್ಮೂರರಲ್ಲಿ ಮರಣೋತ್ತರ ಮಹಾವೀರ ಚಕ್ರ. ಇಂಡಿಯಾ ಗೇಟ್ ಬಳಿಯ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಗಳಲ್ಲಿ ಹೆಸರುಗಳನ್ನು ಬೆರಳಿಟ್ಟು ಓದಬಹುದು. ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎಂದೇ ನನ್ನ ಸಲಹೆ. ಜನವರಿ 26ರ ಪೆರೇಡಿನ ಪಾಸಿಗೆ ಓಡಾಡುವ ಹುರುಪಿನ ಅರ್ಧದಷ್ಟಾದರೂ ಇದಕ್ಕಿರಲಿ.

ನನ್ನ ತಕರಾರು ಭಯದ ಬಗ್ಗೆ ಅಲ್ಲ, ಭಯವನ್ನು ಬಚ್ಚಿಡುವುದರ ಬಗ್ಗೆ. ಅಪ್ಪ ಅಮ್ಮ ಒಳಗೆ ಸಾವಿಗೆ ಹೆದರುತ್ತಾರೆ, ಹೊರಗೆ ಪ್ಲೇಸ್‌ಮೆಂಟ್, ಪ್ಯಾಕೇಜು, ‘ಸ್ಕೋಪ್’ ಎಂದು ವಾದ ಹೂಡುತ್ತಾರೆ. ಹದಿನೇಳರ ಮಗುವಿಗೆ ಇದು ಗೊತ್ತಾಗದೆ ಇರುವುದಿಲ್ಲ. ಪ್ಯಾಕೇಜಿನ ಮಾತಿಗೆ ಅದು ಪ್ಯಾಕೇಜಿನ ಮಾತಲ್ಲೇ ಉತ್ತರ ಕೊಟ್ಟು ಗೆಲ್ಲುತ್ತದೆ, ಅಸಲು ಮಾತು ಹಾಗೇ ಉಳಿಯುತ್ತದೆ. ‘ನನಗೆ ಹೆದರಿಕೆ ಕಣೋ, ನಿನ್ನನ್ನು ಕಳಕೊಳ್ಳುತ್ತೇನೆಂದು’ ಎಂದು ಅಮ್ಮ ಒಮ್ಮೆ ಹೇಳಿಬಿಟ್ಟರೆ ಆ ಮನೆಯಲ್ಲಿ ನಿಜವಾದ ಸಂಭಾಷಣೆ ಶುರುವಾಗುತ್ತದೆ. ಆಗ ಮಗುವೂ ತನಗೆ ಹೆದರಿಕೆಯಿದೆ ಎಂದು ಒಪ್ಪಿಕೊಂಡೀತು. ಅಷ್ಟಾದ ಮೇಲೂ ‘ಹೋಗುತ್ತೇನೆ’ ಎಂದರೆ ಆ ಮಾತಿಗೆ ತೂಕವಿದೆ. ‘ಬೇಡ’ ಎಂದರೆ ಅದಕ್ಕೂ ಅಷ್ಟೇ ತೂಕವಿದೆ.

‘ಒಬ್ಬನೇ ಮಗ’ ಎಂಬುದು ಭಯದ ಇನ್ನೊಂದು ವೇಷ. ಇದಕ್ಕೆ ನಾನು ಕಟುವಾಗಿಯೇ ಹೇಳಬೇಕಾಗಿದೆ. ನಮ್ಮಲ್ಲಿ, ದೆಹಲಿ ಕನ್ನಡಿಗರಲ್ಲಿ, ಹೆಚ್ಚಿನವರು ಹುಬ್ಬಳ್ಳಿಯಲ್ಲೋ ಮೈಸೂರಲ್ಲೋ ಉಡುಪಿಯಲ್ಲೋ ಅಪ್ಪ ಅಮ್ಮನನ್ನು ಬಿಟ್ಟು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಬಂದವರು. ವರ್ಷಕ್ಕೊಮ್ಮೆ ಹೋಗಿ, ಕೊನೆಗಾಲದಲ್ಲಿ ವಿಮಾನ ಹಿಡಿದು ಓಡಿದವರು. ನಮ್ಮ ಮಕ್ಕಳು ಸಿಯಾಟಲ್‌ಗೆ ಹೋದರೆ ‘ಒಬ್ಬನೇ ಮಗ’ ಎಂಬ ಮಾತು ಬಾಯಿಗೇ ಬರುವುದಿಲ್ಲ, ಕರ್ನಾಟಕ ಸಂಘದ ಸಮಾರಂಭದಲ್ಲಿ ಅದೇ ಹೆಮ್ಮೆಯ ವಿಷಯ. ಲೇಹ್‌ನಿಂದ ರಜೆಗೆ ಬರುವ ಮಗ ಸಿಯಾಟಲ್ ಮಗನಿಗಿಂತ ಹೆಚ್ಚು ಸಲ ಮನೆಗೆ ಬಂದಾನು.

ಒಬ್ಬ ಹಿರಿಯರು, ಅವರ ಬಗ್ಗೆ ನನಗೆ ಗೌರವವಿದೆ, ಬರೆದ ಮಾತು: ‘ಸೇನೆ ಕೊಡಗಿನವರ ವಿಷಯ, ಪಂಜಾಬಿಗಳ ವಿಷಯ. ನಮ್ಮಂಥ ಸಾತ್ವಿಕ ಮನೆತನಗಳಿಗೆ ಒಗ್ಗುವುದಲ್ಲ.’ ರಾಯರೇ, ಜನರನ್ನು ಯೋಧ ಕುಲ, ಯೋಧರಲ್ಲದ ಕುಲ ಎಂದು ಪಟ್ಟಿ ಮಾಡಿದ್ದು ಬ್ರಿಟಿಷರು, ತಮ್ಮ ಅನುಕೂಲಕ್ಕೆ. ಅವರು ಹೋಗಿ ಮುಕ್ಕಾಲು ಶತಮಾನ ದಾಟಿದರೂ ಪಟ್ಟಿಯನ್ನು ನಾವು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದದ್ದು ನಿಜ. ದೆಹಲಿ ಕಂಟೋನ್ಮೆಂಟಿನಲ್ಲಿ ಅವರ ಹೆಸರಿನ ಪೆರೇಡ್ ಮೈದಾನ ಇದೆ. ತಿಮ್ಮಯ್ಯನವರೂ ಕೊಡಗಿನವರೇ. ಆದರೆ 1973ರಿಂದ 75ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಜಿ.ಜಿ. ಬೇವೂರ ಐಸಿಎಸ್ ಅಧಿಕಾರಿಯ ಮಗ. ಬಾಗಲಕೋಟೆ ಕಡೆಯ ಊರೊಂದು ಅವರ ಹೆಸರಿನ ಕೊನೆಯಲ್ಲಿ ಕೂತಿದೆ.

ಇನ್ನೊಂದು ಹೆಸರು ಹೇಳುತ್ತೇನೆ, ದೆಹಲಿ ಕನ್ನಡಿಗರಿಗೆ ಅಷ್ಟು ಪರಿಚಿತವಲ್ಲದ್ದು. ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಶಿಖರವನ್ನು ಹಿಡಿದದ್ದು ರಜಪೂತಾನಾ ರೈಫಲ್ಸ್‌ನ ಎರಡನೇ ಬೆಟಾಲಿಯನ್. ಆ ರೆಜಿಮೆಂಟಿನ ಕೇಂದ್ರ ಇಲ್ಲೇ ದೆಹಲಿ ಕಂಟೋನ್ಮೆಂಟಿನಲ್ಲಿದೆ. ಬೆಟಾಲಿಯನ್ನನ್ನು ಮುನ್ನಡೆಸಿ ವೀರ ಚಕ್ರ ಪಡೆದ ಎಂ.ಬಿ. ರವೀಂದ್ರನಾಥ್ ಕನ್ನಡಿಗರು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ನೋಯ್ಡಾದ ವಿಜಯಂತ್ ಇದ್ದದ್ದು ಅವರ ಕೈಕೆಳಗೆ. 1963ರಲ್ಲಿ ಶುರುವಾದ ಆ ಶಾಲೆಗೆ ಬಯಲುಸೀಮೆಯ ರೈತರ, ಮೇಷ್ಟ್ರುಗಳ, ಗುಮಾಸ್ತರ ಮಕ್ಕಳು ಹೋದರು. ಅವರ ಮನೆಯವರು ಸಾತ್ವಿಕರಾಗಿರಲಿಲ್ಲವೇ?

ಹೆಣ್ಣುಮಗಳ ಪ್ರಶ್ನೆಗೆ ಬರುತ್ತೇನೆ. ‘ಗಂಡುಮಕ್ಕಳಿಗೆ ಸರಿ, ಮಗಳಿಗೂ ಇದೇ ಸಲಹೆಯೇ?’ ಇದೇ ಸಲಹೆ. ಅವಳಿಗೆ ಈ ಬಾಗಿಲು ತಾನಾಗಿ ತೆರೆದದ್ದಲ್ಲ. ವಕೀಲ ಕುಶ್ ಕಾಲ್ರಾ ಹಾಕಿದ ಅರ್ಜಿಯ ಮೇಲೆ 2021ರ ಆಗಸ್ಟ್ 18ರಂದು ಸುಪ್ರೀಂ ಕೋರ್ಟ್ ಹುಡುಗಿಯರಿಗೂ ಪರೀಕ್ಷೆ ಬರೆಯಲು ಬಿಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಸಿದ್ಧತೆಗೆ ಸಮಯ ಬೇಕು, ಮುಂದಿನ ಮೇ ತಿಂಗಳಿಗೆ ನೋಡೋಣ ಎಂದಿತು ಸರ್ಕಾರ. ಕೋರ್ಟ್ ಒಪ್ಪಲಿಲ್ಲ. ನವೆಂಬರ್ 14ರ ಪರೀಕ್ಷೆಗೆ ಬಂದ 5,75,856 ಅರ್ಜಿಗಳಲ್ಲಿ 1,77,654 ಹುಡುಗಿಯರವು. ಅಲ್ಲಿಯವರೆಗೆ ‘ಹುಡುಗಿಯರಿಗೆ ಆಸಕ್ತಿ ಇಲ್ಲ’ ಎನ್ನುತ್ತಿದ್ದವರಿಗೆ ಆ ಒಂದು ಅಂಕಿ ಸಾಕಿತ್ತು. ಬರಹದಲ್ಲಿ ಪಾಸಾದವರು 1,002, ಸೀಟು 19. 2022ರ ಆಗಸ್ಟ್‌ನಲ್ಲಿ ಒಳಗೆ ಹೋದ ಆ ತಂಡದಿಂದ 17 ಮಂದಿ 2025ರ ಮೇ 30ರಂದು ಪಾಸಿಂಗ್ ಔಟ್ ಪೆರೇಡಿನಲ್ಲಿ ಹೊರಬಂದರು. ಒಟ್ಟು ಸುಮಾರು 400 ಸೀಟುಗಳಲ್ಲಿ ಹುಡುಗಿಯರ ಪಾಲು ಈಗಲೂ ಚಿಕ್ಕದು, ಹಾಗಾಗಿ ಅವಳ ಸ್ಪರ್ಧೆ ಅಣ್ಣನದಕ್ಕಿಂತ ಬಿಗಿ. ಅದನ್ನು ಮಗಳಿಗೆ ಹೇಳಿ. ‘ಮದುವೆ ಹೇಗೆ’ ಎಂದು ಕೇಳಿದ ಅಜ್ಜಿಯೊಬ್ಬರಿಗೆ: ತರಬೇತಿ ಮುಗಿಯುವವರೆಗೆ ಗಂಡಾಗಲಿ ಹೆಣ್ಣಾಗಲಿ ಮದುವೆಯಾಗುವಂತಿಲ್ಲ. ನಾಲ್ಕು ವರ್ಷ ಆ ಮಾತು ಎತ್ತಲು ನಿಮಗೂ ಅವಕಾಶವಿಲ್ಲ, ಅಜ್ಜಿ.

ಈವರೆಗೆ ‘ಬೇಡ’ ಎನ್ನುವವರಿಗೆ ಉತ್ತರವಾಯಿತು. ‘ಬೇಕೇ ಬೇಕು’ ಎನ್ನುವವರ ಮಾತು ನನಗೆ ಇನ್ನೂ ಕಿರಿಕಿರಿ ಮಾಡಿದೆ. ನಿವೃತ್ತ ಅಧಿಕಾರಿಯೊಬ್ಬರು ಬರೆಯುತ್ತಾರೆ: ದೇಶಸೇವೆಯಲ್ಲಿ ಲೆಕ್ಕಾಚಾರ ಏಕೆ, ಮುಚ್ಚಳಿಕೆ, ಷರತ್ತು ಎಂದು ಮಕ್ಕಳನ್ನು ಹೆದರಿಸುವುದೇಕೆ? ಅವರ ಸೇವೆಗೆ ನಮಸ್ಕಾರ. ಆದರೆ ತಂದೆತಾಯಿ ಸಹಿ ಹಾಕುವ ಇನ್ನೊಂದು ಕಾಗದ ಅವರಿಗೆ ನೆನಪಿರಬೇಕು: ತರಬೇತಿಯಲ್ಲಿ ಮಗುವಿಗೆ ಗಾಯವಾದರೆ ಪರಿಹಾರ ಕೇಳುವ ಹಕ್ಕು ತಮಗಿಲ್ಲವೆಂದು ಒಪ್ಪಿಕೊಳ್ಳುವ ಕಾಗದ. ತರಬೇತಿಯಲ್ಲಿ ಬೆನ್ನು ಮುರಿದು, ತಲೆಗೆ ಪೆಟ್ಟಾಗಿ, ಅಂಗವಿಕಲರಾಗಿ ಮನೆಗೆ ಮರಳಿದ ಕೆಡೆಟ್‌ಗಳು 1985ರಿಂದೀಚೆಗೆ ಸುಮಾರು 500 ಎಂದು ಪತ್ರಿಕೆಯೊಂದು ವರದಿ ಮಾಡಿತು. ಕಮಿಷನ್ ಸಿಗುವ ಮೊದಲೇ ಗಾಯವಾದ್ದರಿಂದ ಅವರಿಗೆ ಮಾಜಿ ಸೈನಿಕರ ಸ್ಥಾನ ಸಿಗಲಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕೂಡ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಾನಾಗಿ ಕೈಗೆತ್ತಿಕೊಂಡಿತು. ಪೀಠದಲ್ಲಿದ್ದವರು ನಮ್ಮ ಬಿ.ವಿ. ನಾಗರತ್ನ ಮತ್ತು ಆರ್. ಮಹಾದೇವನ್. ಅದೇ ತಿಂಗಳ ಕೊನೆಗೆ ಸರ್ಕಾರ ಅವರಿಗೆ ಇಸಿಎಚ್‌ಎಸ್ ಚಿಕಿತ್ಸಾ ಸೌಲಭ್ಯ ವಿಸ್ತರಿಸಿತು. ಅಷ್ಟು ವರ್ಷ ‘ಲೆಕ್ಕಾಚಾರ ಏಕೆ’ ಎಂದವರಿಂದ ಆ ಮಕ್ಕಳಿಗೆ ಏನೂ ಸಿಗಲಿಲ್ಲ, ಲೆಕ್ಕ ಕೇಳಿದವರಿಂದ ಸಿಕ್ಕಿತು.

‘ತಾತ, ಅಪ್ಪ ಇಬ್ಬರೂ ಸೇನೆಯಲ್ಲಿದ್ದರು, ಮೊಮ್ಮಗ ಹೋಗಲೇಬೇಕು’ ಎಂಬ ಪತ್ರವೂ ಬಂದಿದೆ. ಇಂಥ ಮಕ್ಕಳು ಎಸ್‌ಎಸ್‌ಬಿಯಲ್ಲಿ ಸಿಕ್ಕಿಬೀಳುತ್ತಾರೆ. ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಒಂದೊಂದೇ ಪದ ತೋರಿಸಿ ಕ್ಷಣದಲ್ಲಿ ವಾಕ್ಯ ಬರೆಸುತ್ತಾರೆ, ಗುಂಪಿನಲ್ಲಿ ಹಲಗೆ, ಹಗ್ಗ ಕೊಟ್ಟು ಅಡೆತಡೆ ದಾಟಿಸುತ್ತಾರೆ. ಆಮೇಲೆ ಸಂದರ್ಶನಕಾರ ಕೂತು, ಮನೆಯ ಬಗ್ಗೆ, ಅಪ್ಪನ ಬಗ್ಗೆ, ಸೋತ ಪರೀಕ್ಷೆಯ ಬಗ್ಗೆ ಒಂದರ ಹಿಂದೆ ಒಂದು ಕೇಳುತ್ತಾನೆ. ಕೋಚಿಂಗಿನಲ್ಲಿ ಉರುಹೊಡೆದ ಉತ್ತರ ಐದು ದಿನ ನಿಲ್ಲುವುದಿಲ್ಲ. ಅಪ್ಪನ ಆಸೆಯನ್ನು ತನ್ನದೆಂದು ಹೇಳುವ ಹುಡುಗನನ್ನು ಮಂಡಳಿ ಕಂಡುಹಿಡಿಯದಿದ್ದರೆ ಅದು ಹುಡುಗನಿಗೆ ಇನ್ನೂ ಕೆಟ್ಟದ್ದು. ಅದೇ ಕಾರಣಕ್ಕೆ, ಆಯ್ಕೆಯಾಗದೆ ಬಂದ ಮಗು ಅಯೋಗ್ಯವಲ್ಲ ಎಂಬುದನ್ನು ಮನೆಯವರು ಮೊದಲೇ ತಿಳಿದಿರಬೇಕು. ಮೈಸೂರಿನ ವಾಯುಪಡೆ ಮಂಡಳಿಗೋ ಬೆಂಗಳೂರಿನ ಮಂಡಳಿಗೋ ಕರೆ ಬಂದರೆ, ಮುಗಿಸಿ ಎರಡು ದಿನ ಅಜ್ಜಿಯ ಮನೆಯಲ್ಲಿ ಇದ್ದು ಬರಲಿ. ಫಲಿತಾಂಶ ಏನೇ ಇರಲಿ, ಮೊದಲ ಸಲ ಹೋದವರಿಗೆ ರೈಲಿನ ಖರ್ಚು ಸರ್ಕಾರ ಕೊಡುತ್ತದೆ.

‘ಸಿನಿಮಾ ನೋಡಿ, ರೀಲ್ಸ್ ನೋಡಿ ಹುಟ್ಟಿದ ಮೋಹ’ ಎಂದವರಿಗೆ ಹೆಚ್ಚು ಹೇಳುವುದಿಲ್ಲ. ಇರಬಹುದು. ಕಂಪ್ಯೂಟರ್ ಸೈನ್ಸ್ ಆರಿಸುವ ಮಗು ಯಾವ ಮೋಹವೂ ಇಲ್ಲದೆ ಆರಿಸುತ್ತದೆಯೇ? ಮೋಹವನ್ನು ಪರೀಕ್ಷಿಸುವ ದಾರಿ ಬೈಗುಳವಲ್ಲ. ಜನರಲ್‌ಗಳ ಭಾಷಣ ಬೇಡ. ಈಗಷ್ಟೇ ಕಾಶ್ಮೀರದಿಂದಲೋ ಅರುಣಾಚಲದಿಂದಲೋ ದೆಹಲಿಗೆ ವರ್ಗವಾಗಿ ಬಂದ ಕ್ಯಾಪ್ಟನ್ ಒಬ್ಬರನ್ನು, ಸಾಧ್ಯವಾದರೆ ಅವರ ಮನೆಯಾಕೆಯನ್ನೂ, ಮಗು ಒಬ್ಬಂಟಿಯಾಗಿ ಭೇಟಿ ಮಾಡಲಿ. ನೀವು ಪಕ್ಕದಲ್ಲಿ ಕೂರಬೇಡಿ.

ಕೊನೆಯದಾಗಿ, ಜನಕಪುರಿಯ ತಂದೆಯೊಬ್ಬರು ಆಕ್ಷೇಪವನ್ನೇನೂ ಎತ್ತದೆ ಕೇಳಿದ್ದಾರೆ: ‘ಮೇಡಂ, ವಾದ ಸಾಕು. ಮಗಳು ಡಿಸೆಂಬರ್‌ನಲ್ಲಿ ಅರ್ಜಿ ಹಾಕುತ್ತಾಳಂತೆ. ನಾನೀಗ ಏನು ಮಾಡಲಿ?’ ಸ್ವಾಮಿ, ಕೋಚಿಂಗಿನ ಶುಲ್ಕ ಕಟ್ಟುವ ಮೊದಲು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ದೃಷ್ಟಿ ಎಷ್ಟಿದೆ, ಬಣ್ಣ ಗುರುತಿಸುವುದರಲ್ಲಿ ದೋಷವಿದೆಯೇ ಎಂದು ಬರೆಸಿಕೊಳ್ಳಿ. ಮಂಡಿ, ಪಾದ ತೋರಿಸಿ. ಕೈಯಲ್ಲಿ ಹಚ್ಚೆ ಇದ್ದರೆ ಎಲ್ಲಿದೆ ನೋಡಿ, ಮುಂದೋಳಿನ ಒಳಬದಿಯದು ನಡೆಯುತ್ತದೆ, ಎಲ್ಲ ಕಡೆಯದೂ ಅಲ್ಲ. ಅಧಿಸೂಚನೆಯ ಕೊನೆಯ ವೈದ್ಯಕೀಯ ಅನುಬಂಧವನ್ನು ಅವಳಿಂದಲೇ ಜೋರಾಗಿ ಓದಿಸಿ, ತಂದೆತಾಯಿ ಸಹಿ ಹಾಕುವ ಎರಡು ಕಾಗದಗಳ ಬಗ್ಗೆ ಇರುವುದನ್ನು ನೀವು ಓದಿ. ಎತ್ತರವನ್ನು ಮನೆಯ ಗೋಡೆಗೆ ನಿಲ್ಲಿಸಿ ಅಳೆಯಬೇಡಿ, ಆಸ್ಪತ್ರೆಯಲ್ಲಿ ಅಳೆಸಿ. ಮತ್ತೆ ನವೆಂಬರ್‌ನ ಹೊಗೆಯಲ್ಲಿ ಬೆಳಗಿನ ಓಟಕ್ಕೆ ಕಳಿಸಬೇಡಿ, ಅದಕ್ಕೆ ಫೆಬ್ರವರಿಯವರೆಗೆ ಕಾಯಬಹುದು.